ಹೊಸಬರಿಗೆ ತೊಳೆದಿಟ್ಟ ಮನೆ

ಮನೆ ತೊಳೆಯುವ ಮೊದಲು ಸತ್ತ ಇಲಿಗಳನ್ನು ಹೆಕ್ಕಬೇಕು. ನೋಲೀನ್ ಮೊಣಕಾಲೂರಿ ಕುಳಿತು ಅದನ್ನೇ ಮಾಡುತ್ತಿದ್ದಳು. ಒಲೆಯ ಹೊಟ್ಟೆಯಲ್ಲಿ ಒಂದಷ್ಟು. ಸ್ನಾನದ ತೊಟ್ಟಿಯಲ್ಲಿ ಒಂದಷ್ಟು. ಒಳಗಿಳಿದವು ಮೇಲೆ ಹತ್ತಲಾಗದೆ ಅಲ್ಲೇ ಸತ್ತಿದ್ದವು. ಗೋಡೆಯ ಹಲಗೆ ಕಿತ್ತರೆ ಹಿಂದೆ ಇಡೀ ಸಂಸಾರಗಳೇ ಒಣಗಿ ಚಕ್ಕಳವಾಗಿ ಅಂಟಿಕೊಂಡಿದ್ದವು. ಚಾಕುವಿನಿಂದ ಕೆರೆದು ತೆಗೆಯಬೇಕು. ಮೂಗಿಗೆ ಬಟ್ಟೆ ಕಟ್ಟಿದರೂ ವಾಸನೆ ಗಂಟಲಿಗೆ ಇಳಿಯುತ್ತದೆ. ಮಧ್ಯಾಹ್ನ ಬ್ರೆಡ್ಡು ತಿಂದರೆ ಬ್ರೆಡ್ಡಿನಲ್ಲೂ ಅದೇ ವಾಸನೆ.

ಬಕೆಟ್ಟು ತುಂಬಿದಾಗ ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದಳು. ಮೇಲೆ ಮಣ್ಣು ಎಳೆದಳು. ಮತ್ತೆ ಒಳಗೆ ಬಂದು ಬ್ಲೀಚು ಕಲಸಿದಳು. ಅವಳ ಬೆರಳುಗಳ ಚರ್ಮ ಬ್ಲೀಚಿಗೆ ಬಿರಿದು ವರ್ಷಗಳೇ ಆಗಿದ್ದವು. ಕೈಗವಸು ಹಾಕಿಕೊಂಡರೆ ಬೆವರಿಗೆ ಬಿರುಕು ಉರಿಯುತ್ತದೆ. ಹಾಕಿಕೊಳ್ಳದಿದ್ದರೆ ಬ್ಲೀಚಿಗೆ ಉರಿಯುತ್ತದೆ. ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು.

ಗೋಧಿ ಚೆನ್ನಾಗಿ ಬೆಳೆದ ವರ್ಷ ಯರಾಂಬಿನ್‌ನಲ್ಲಿ ಇಲಿಯೂ ಚೆನ್ನಾಗಿ ಬೆಳೆಯುತ್ತದೆ. ಬೀಗ ಹಾಕಿದ ಮನೆಗಳು ಅವಕ್ಕೆ ಛತ್ರ. ಊರಿನಲ್ಲಿ ಬೀಗ ಹಾಕಿದ ಮನೆಗಳಿಗೆ ಕೊರತೆ ಇರಲಿಲ್ಲ. ಮೊದಲು ಬ್ಯಾಂಕು ಹೋಯಿತು. ಆಮೇಲೆ ಕಟುಕನ ಅಂಗಡಿ. ಆಮೇಲೆ ಡಾಕ್ಟರು. ಪ್ರಾಯದವರು ಒಬ್ಬೊಬ್ಬರಾಗಿ ಕರಾವಳಿಯ ನಗರಗಳಿಗೆ ಹೋದರು. ಗೋಧಿ ಕೊಯ್ಯಲು ದೊಡ್ಡ ಯಂತ್ರಗಳು ಬಂದ ಮೇಲೆ ಹೊಲಕ್ಕೂ ಜನ ಬೇಕಾಗಲಿಲ್ಲ. ಕೊನೆಗೆ ಶಾಲೆಯ ಸರದಿ ಬಂತು. ಮಕ್ಕಳು ಇಷ್ಟೇ ಇದ್ದರೆ ಮುಚ್ಚುತ್ತೇವೆ ಎಂದು ಸರ್ಕಾರ ಹೇಳಿತು.

ಆಗ ಊರಿನವರು ಎದ್ದು ಕೂತರು. ಸಮಿತಿ ಮಾಡಿದರು. ಟೀವಿಯವರನ್ನು ಕರೆಸಿದರು. ಖಾಲಿ ಬೀದಿಯಲ್ಲಿ ನಿಂತು ಕ್ಯಾಮೆರಾದ ಮುಂದೆ ಕಣ್ಣೊರೆಸಿಕೊಂಡರು. ‘ನಗರದಲ್ಲಿ ಇಕ್ಕಟ್ಟಿನಲ್ಲಿ ಬದುಕುತ್ತಿರುವವರೇ, ಮಕ್ಕಳನ್ನು ಕರೆದುಕೊಂಡು ನಮ್ಮೂರಿಗೆ ಬನ್ನಿ. ಮನೆ ಇದೆ. ಬಾಡಿಗೆ ಹೆಸರಿಗಷ್ಟೇ. ನಮ್ಮ ಊರನ್ನು ಉಳಿಸಿ’ ಎಂದರು. ದೇಶಕ್ಕೆ ದೇಶವೇ ಮರುಗಿತು.

ಆ ಮನೆಗಳನ್ನು ತೊಳೆಯಲು ನೋಲೀನ್‌ಗೆ ಹೇಳಿ ಕಳಿಸಿದರು.

ನೋಲೀನ್ ಇರುವುದು ನದಿಯಾಚೆ. ನದಿಯಲ್ಲಿ ನೀರಿರುವುದು ಅಪರೂಪ. ಆದರೂ ಅದು ನದಿಯೇ. ಸೇತುವೆ ದಾಟಿ, ಊರಿನ ಕಸ ಸುರಿಯುವ ಬಯಲು ದಾಟಿದರೆ ಆಚೆಕೇರಿ. ಅವಳ ಅಜ್ಜಿಯ ಕಾಲದಲ್ಲಿ ಪೊಲೀಸರು ಈ ನೆಲದ ಮೂಲ ಜನರನ್ನು ಅಲ್ಲಲ್ಲಿಂದ ಲಾರಿಗೆ ತುಂಬಿ ತಂದು ಅಲ್ಲಿ ಇಳಿಸಿದ್ದರು. ಇಳಿದವರು ಅಲ್ಲೇ ಉಳಿದರು. ಮಕ್ಕಳಾದವು, ಮೊಮ್ಮಕ್ಕಳಾದವು. ಊರು ಖಾಲಿಯಾಗುತ್ತಾ ಹೋದ ಹಾಗೆ ಆಚೆಕೇರಿ ತುಂಬುತ್ತಾ ಹೋಯಿತು. ಎರಡು ಕೋಣೆಯ ತಗಡಿನ ಮನೆಯಲ್ಲಿ ಎರಡೆರಡು ಸಂಸಾರ.

ಆದರೂ ಆಚೆಕೇರಿಯ ಮಕ್ಕಳು ಊರಿನ ಶಾಲೆಗೆ ಹೋಗುತ್ತಿರಲಿಲ್ಲ. ನೋಲೀನ್ ಚಿಕ್ಕವಳಿದ್ದಾಗ ಹೋಗಿದ್ದಳು. ಒಬ್ಬ ಬಿಳಿಯ ತಂದೆ, ತನ್ನ ಮಗಳ ಪಕ್ಕ ಈ ಹುಡುಗಿಯನ್ನು ಕೂರಿಸಬೇಡಿ ಎಂದ. ಮೇಷ್ಟ್ರು ಅವಳ ಕೂದಲನ್ನು ಪೆನ್ಸಿಲಿನಿಂದ ಎತ್ತಿ ನೋಡಿ, ಹೇನಿದೆ ಎಂದು ಮನೆಗೆ ಕಳಿಸಿದ. ಹೇನಿರಲಿಲ್ಲ. ಅವಳ ಅಮ್ಮ ಹಿಂದಿನ ದಿನವಷ್ಟೇ ಸೀಮೆಎಣ್ಣೆ ಹಚ್ಚಿ ಬಾಚಿದ್ದಳು. ಮುಂದೆ ಕಾನೂನು ಬದಲಾಯಿತು. ನೆಪಗಳು ಬದಲಾಗಲಿಲ್ಲ. ಬೂಟಿಲ್ಲ, ಮೂಗು ಸುರಿಯುತ್ತದೆ, ಗಲಾಟೆ ಮಾಡುತ್ತಾರೆ. ಬೇಸತ್ತ ತಾಯಂದಿರು ಮಕ್ಕಳನ್ನು ದೂರದ ದೊಡ್ಡ ಊರಿನ ಶಾಲೆಗೆ ಬಸ್ಸು ಹತ್ತಿಸುತ್ತಿದ್ದರು. ಆ ಬಸ್ಸು ಯರಾಂಬಿನ್ ಶಾಲೆಯ ಮುಂದೆಯೇ ಹಾದುಹೋಗುತ್ತಿತ್ತು.

ನೋಲೀನ್‌ಳ ಮಗಳು ತಮೀಕಾ. ತಮೀಕಾಗೆ ನಾಲ್ಕು ಮಕ್ಕಳು. ಎಲ್ಲರೂ ನೋಲೀನ್‌ಳ ಮನೆಯಲ್ಲೇ ಇದ್ದರು. ಮಳೆ ಬಂದರೆ ಹಾಸಿಗೆಗಳನ್ನು ಎಳೆದಾಡಬೇಕು. ಕೊನೆಯ ಮಗುವಿಗೆ ಚಳಿಗಾಲವಿಡೀ ಕಿವಿ ಸೋರುತ್ತಿತ್ತು. ಊರಿನಲ್ಲಿ ಒಂದು ಬಾಡಿಗೆ ಮನೆ ಕೊಡಿ ಎಂದು ತಮೀಕಾ ಕೇಳುತ್ತಲೇ ಇದ್ದಳು. ಕೆಲಸವಿತ್ತು ಅವಳಿಗೆ, ವೃದ್ಧಾಶ್ರಮದ ಅಡುಗೆಮನೆಯಲ್ಲಿ. ಬಾಡಿಗೆ ಕಟ್ಟಬಲ್ಲವಳಾಗಿದ್ದಳು. ಖಾಲಿ ಮನೆಗಳ ಬೀಗದ ಕೈ ಇರುತ್ತಿದ್ದದ್ದು ಗ್ಲೆನಿಸ್ ಹಾರ್ಡ್‌ವಿಕ್ ಬಳಿ. “ಸದ್ಯಕ್ಕೆ ಯಾವುದೂ ಖಾಲಿ ಇಲ್ಲ ಕಣಮ್ಮ” ಎನ್ನುತ್ತಿದ್ದಳು ಗ್ಲೆನಿಸ್. ಅವಳ ಹಿಂದೆ ಬೀದಿಯ ಎರಡೂ ಬದಿಗೆ ಹಲಗೆ ಬಡಿದ ಕಿಟಕಿಗಳು.

ಕೊನೆಗೆ ತಮೀಕಾ ಮಕ್ಕಳನ್ನು ಕಟ್ಟಿಕೊಂಡು ನಗರಕ್ಕೆ ಹೋದಳು. ಅಲ್ಲಿ ಯಾವುದೋ ಕಟ್ಟಡದ ಮೇಲಂತಸ್ತಿನಲ್ಲಿ ಎರಡು ಕೋಣೆ. ನೋಲೀನ್ ಒಬ್ಬಳೇ ಉಳಿದಳು.

ಮನೆಯಲ್ಲಿ ಸದ್ದಿಲ್ಲದಿರುವುದು ಎಂದರೇನೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಯಾರದೋ ಕಾಲು ತಗುಲಿಕೊಂಡೇ ಮಲಗಿದವಳು. ಈಗ ಹಾಸಿಗೆಯ ಆ ಕಡೆ ತಣ್ಣಗಿರುತ್ತಿತ್ತು. ಅಡುಗೆಯ ಅಳತೆ ಕೈಗೆ ಮರೆಯಲಿಲ್ಲ. ದೊಡ್ಡ ಪಾತ್ರೆಯಲ್ಲೇ ಕುರಿಮಾಂಸ ಬೇಯಿಸಿ, ಉಳಿದದ್ದನ್ನು ಕೇರಿಯ ನಾಯಿಗಳಿಗೆ ಹಾಕುತ್ತಿದ್ದಳು. ಅಕ್ಕಪಕ್ಕದ ಮನೆಗಳಲ್ಲಿ ಗಲಾಟೆಯಿತ್ತು. ಪಕ್ಕದ ಮನೆಯ ಗಲಾಟೆ ನಮ್ಮದಲ್ಲ.

ಈಗ ಅವಳು ತೊಳೆಯುತ್ತಿದ್ದುದು ವ್ಯಾಟಲ್ ಬೀದಿಯ ಕೊನೆಯ ಮನೆ. ನಾಲ್ಕು ಕೋಣೆ, ಸುತ್ತಲೂ ವರಾಂಡ. ಪೂರ್ವಕ್ಕೆ ದೊಡ್ಡ ಕಿಟಕಿ. ಗಾಜು ಒರೆಸಿದ ಮೇಲೆ ಬಿಸಿಲು ನೆಲಕ್ಕೆ ಬಿತ್ತು. ನೋಲೀನ್ ಸೊಂಟ ನೇರ ಮಾಡಿಕೊಂಡು ನಿಂತಳು. ಈ ಕೋಣೆ ಹಿರಿಯ ಮೊಮ್ಮಗಳು ಜೈಲಾಗೆ ಆಗುತ್ತದೆ ಎಂದುಕೊಂಡಳು. ಅಂದುಕೊಂಡದ್ದೇ ತಡ, ತಡೆಯಲಾಗಲಿಲ್ಲ. ವರಾಂಡಕ್ಕೆ ಬಂದು ಮಗಳಿಗೆ ಫೋನು ಮಾಡಿದಳು.

“ತಮೀಕಾ, ಹೊರಗ್ನಿಂದ ಬರೋರಿಗೆ ಮನೆ ಕೊಡ್ತಾರಂತೆ. ಮಕ್ಕಳಿರಬೇಕಂತೆ. ನೀನೂ ಈಗ ಹೊರಗಿನೋಳೇ ಅಲ್ವೇನವ್ವಾ?”

ಆಚೆಯಿಂದ ತಮೀಕಾ ನಕ್ಕಳು. “ಏನಮ್ಮಾ ನೀನು! ಅವರಿಗೆ ಬೇಕಾಗಿರೋದು ನಮ್ಮಂಥ ಮಕ್ಕಳಲ್ಲ.”

“ಕೇಳ್ತೀನಿ ತಾಳು. ಕೇಳಿದ್ರೆ ಏನು ಬಾಯಿ ಸವೀತದಾ?”

ತಮೀಕಾಳ ನಗು ನಿಂತಿತು. ಆಮೇಲೆ ಕೇಳಿದಳು. “ಕಿಟಕಿ ಐತಾ? ಇಲ್ಲಿ ನಮ್ಮ ಕಿಟಕಿ ಎದುರಿಗೆ ಗೋಡೆ.”

“ಐತೆ. ದೊಡ್ಡದು.”

“ಕೇಳು ನೋಡಾನ” ಎಂದಳು ತಮೀಕಾ. ಅವಳ ದನಿಯಲ್ಲಿ ಆಸೆ ಇತ್ತು. ಅದನ್ನು ಕೇಳಿ ನೋಲೀನ್‌ಗೆ ಭಯವಾಯಿತು.

ಮಾರನೆಯ ದಿನ ಗ್ಲೆನಿಸ್ ಕೆಲಸ ನೋಡಲು ಬಂದಳು. ಗ್ಲೆನಿಸ್ ಗಂಡನಿಗೆ ಊರಿನ ಸುತ್ತ ಕಣ್ಣಿಗೆ ಕಾಣುವಷ್ಟೂ ಗೋಧಿ ಹೊಲ. ಅವಳೇ ಸಮಿತಿಯ ಅಧ್ಯಕ್ಷೆ. ಅವಳ ಮನೆಯ ನೆಲವನ್ನೂ ನೋಲೀನ್ ಎಷ್ಟೋ ವರ್ಷ ಉಜ್ಜಿದ್ದಳು. ಇಬ್ಬರದೂ ಒಂದೇ ವಯಸ್ಸು. ಗ್ಲೆನಿಸ್ ಕಿಟಕಿಯ ದಂಡೆಯ ಮೇಲೆ ಬೆರಳೆಳೆದು ನೋಡಿಕೊಂಡಳು. ಬೆರಳಿಗೆ ಏನೂ ಅಂಟಲಿಲ್ಲ.

“ಚೆನ್ನಾಗಿ ಮಾಡಿದ್ದೀಯ ನೋಲೀನ್. ಸ್ನಾನದ ತೊಟ್ಟೀಲಿ ಸ್ವಲ್ಪ ಕಲೆ ಉಳಿದಿದೆ ನೋಡು.”

“ಅದು ತುಕ್ಕು ಮಿಸೆಸ್ ಹಾರ್ಡ್‌ವಿಕ್. ಹೋಗಲ್ಲ.”

“ಇನ್ನೊಂದು ಸಲ ಉಜ್ಜಿ ನೋಡು.”

“ಆಗ್ಲಿ.” ನೋಲೀನ್ ಕೈ ಒರೆಸಿಕೊಂಡಳು. “ಒಂದು ಮಾತು ಕೇಳಬೇಕಿತ್ತು. ಈ ಮನೆಗೆ ಯಾರಾದ್ರೂ ಗೊತ್ತಾಗಿದ್ದಾರಾ?”

“ಇನ್ನೂ ಇಲ್ಲ. ಯಾಕೆ?”

“ನನ್ನ ಮಗಳು ತಮೀಕಾ ನಗರದಲ್ಲವಳೆ. ನಾಲ್ಕು ಮಕ್ಕಳು. ಎಲ್ಲಾ ಶಾಲೆಗೆ ಹೋಗೋ ವಯಸ್ಸು. ಅವಳು ಬತ್ತಾಳೆ. ಮಕ್ಕಳನ್ನ ಇದೇ ಶಾಲೆಗೆ ಹಾಕ್ತಾಳೆ.”

ಗ್ಲೆನಿಸ್ ಮುಖದಲ್ಲಿ ನಗು ಹಾಗೇ ಇತ್ತು. ಕಣ್ಣು ಮಾತ್ರ ಬೇರೆ ಕಡೆ ಹೋಯಿತು.

“ಅಯ್ಯೋ ನೋಲೀನ್. ಇದು ಊರಿಗೆ ಹೊಸ ಜನ ತರೋ ಯೋಜನೆ. ತಮೀಕಾ ಇಲ್ಲಿಯವಳೇ ಅಲ್ವಾ?”

“ಈಗ ಇಲ್ಲಿಲ್ವಲ್ಲ.”

“ಇಲ್ಲದಿದ್ರೂ ಇಲ್ಲಿಯವಳೇ. ಅವಳನ್ನ ಹೊಸಬಳು ಅಂತ ಹೇಗೆ ಲೆಕ್ಕ ಹಿಡಿಯೋದು? ಟೀವಿಯವರು ಬರ್ತಾರೆ. ಏನಂತ ತೋರಿಸೋದು? ನೀನೇ ಹೇಳು.”

ಇಲ್ಲಿದ್ದಾಗ ಮನೆ ಖಾಲಿ ಇರಲಿಲ್ಲ. ಹೋದ ಮೇಲೆ ಇಲ್ಲಿಯವಳು. ಮಾತು ನಾಲಿಗೆಯವರೆಗೆ ಬಂತು. ನೋಲೀನ್ ನುಂಗಿಕೊಂಡಳು. ಐವತ್ತು ವರ್ಷದಿಂದ ನುಂಗಿ ನುಂಗಿ ಗಂಟಲಿಗೆ ಅಭ್ಯಾಸವಾಗಿತ್ತು.

“ಇನ್ನೊಂದು ವಿಷಯ” ಎಂದಳು ಗ್ಲೆನಿಸ್, ಮಾತು ಮುಗಿಯಿತೆಂಬ ಹಾಗೆ. “ಹೊಸಬರಿಗೆ ಟೌನ್ ಹಾಲಲ್ಲಿ ಒಂದು ಕಾರ್ಯಕ್ರಮ ಇಟ್ಕೊಂಡಿದ್ದೀವಿ. ಮೊದಲು ನೆಲದ ಸ್ವಾಗತ ಆಗಬೇಕಲ್ಲ. ನೀನೇ ಹಿರಿಯಳು. ಬಂದು ನಾಲ್ಕು ಮಾತು ಹೇಳಬೇಕು. ನಿಮ್ಮ ಭಾಷೇಲಿ ಹೇಳಿದ್ರೆ ಇನ್ನೂ ಚೆನ್ನ.”

ಈ ದೇಶದಲ್ಲಿ ಈಗ ಅದೊಂದು ಪದ್ಧತಿ. ಸಭೆ ಸಮಾರಂಭ ಏನೇ ಇರಲಿ, ಮೊದಲು ಆ ನೆಲದ ಮೂಲ ಜನರಲ್ಲಿ ಹಿರಿಯರೊಬ್ಬರು ಎದ್ದು ನಿಂತು ಬಂದವರನ್ನು ಸ್ವಾಗತಿಸಬೇಕು. ಆಮೇಲೆ ಮಿಕ್ಕವರು ಮಾತಾಡುತ್ತಾರೆ. ಹಿರಿಯರು ಒಂದು ಮೂಲೆಯಲ್ಲಿ ಕೂತು ಕೇಳುತ್ತಾರೆ.

ನೋಲೀನ್‌ಗೆ ತನ್ನ ಭಾಷೆಯಲ್ಲಿ ಗೊತ್ತಿದ್ದದ್ದು ಕೆಲವೇ ಮಾತು. ಅದನ್ನು ಆಡಿದ್ದಕ್ಕೆ ಅವಳ ಅಜ್ಜಿಯ ಬಾಯಿಗೆ ಸೋಪು ತುರುಕಿದ್ದರು. ಅಜ್ಜಿ ಅದನ್ನು ಮಕ್ಕಳಿಗೆ ಕಲಿಸಲೇ ಇಲ್ಲ.

“ನೋಡಾನ” ಎಂದಳು ನೋಲೀನ್.

“ಥ್ಯಾಂಕ್ಸ್ ಕಣೆ” ಎಂದು ಗ್ಲೆನಿಸ್ ಕಾರು ಹತ್ತಿದಳು.

ನೋಲೀನ್ ಒಳಗೆ ಹೋಗಿ ತೊಟ್ಟಿಯ ತುಕ್ಕನ್ನು ಮತ್ತೆ ಉಜ್ಜಿದಳು. ಹೋಗಲಿಲ್ಲ.

ಸಂಜೆ ಕೇರಿಗೆ ಬಂದು ಕ್ಲೆಮ್ ಮಾವನಿಗೆ ಹೇಳಿದಳು. ಕ್ಲೆಮ್ ಕೇರಿಗೆಲ್ಲ ಹಿರಿಯ. ಹಲ್ಲಿಲ್ಲ. ಮಾತಿಗೆ ಬರವಿಲ್ಲ. ಮನೆ ಮುಂದೆ ಬೆಂಕಿ ಹಾಕಿಕೊಂಡು ಕೂತಿದ್ದ.

“ಸ್ವಾಗತ ಹೇಳ್ಬೇಕಂತಾ?” ಎಂದ. “ನಮ್ಮ ತಾತನೋರು ಒಂದ್ಸಲ ಹೇಳಿದ್ರು ಕಣಮ್ಮೀ. ಬಂದೋರು ಇನ್ನೂ ಹೋಗಿಲ್ಲ.”

ನೋಲೀನ್‌ಗೆ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರು ಬಂತು. ಕ್ಲೆಮ್ ನೋಡದವನಂತೆ ಬೆಂಕಿ ಕೆದಕಿದ.

“ತಮೀಕಾಗೆ ಮನೆ ಕೊಡಲ್ವಂತೆ ಮಾವ. ಅವಳು ಇಲ್ಲಿಯೋಳಂತೆ.”

ಕ್ಲೆಮ್ ಕಡ್ಡಿಯನ್ನು ಬೆಂಕಿಗೆ ಎಸೆದ. “ಅದು ಮಾತ್ರ ನಿಜ ಹೇಳ್ತು ನೋಡು ಆ ಹೆಂಗಸು” ಎಂದ.

ವ್ಯಾಟಲ್ ಬೀದಿಯ ಮನೆಗೆ ಬಂದವಳು ಟೆಗನ್. ಪ್ರಾಯದ ಹೆಣ್ಣು, ಗಂಡ, ಮೂರು ಮಕ್ಕಳು. ನೋಲೀನ್ ಇನ್ನೂ ಪರದೆ ಸಿಕ್ಕಿಸುತ್ತಿರುವಾಗಲೇ ಅವರ ವ್ಯಾನು ಬಂತು. ದಾರಿಯುದ್ದಕ್ಕೂ ವಾಂತಿ ಮಾಡಿದ ಕೂಸೊಂದು ಒಳಗೆ ನುಗ್ಗಿ, ಉಜ್ಜಿ ಹೊಳೆಯುತ್ತಿದ್ದ ನೆಲದ ಮೇಲೆ ಅಂಗಾತ ಮಲಗಿಬಿಟ್ಟಿತು.

“ಏಳೋ, ಅವರು ಈಗ ತಾನೆ ಒರೆಸಿದ್ದಾರೆ” ಎಂದು ಟೆಗನ್ ಗದರಿದಳು. ನೋಲೀನ್ ಕಡೆ ತಿರುಗಿ, “ಕ್ಷಮಿಸಿ” ಎಂದಳು. ಊರಿನಲ್ಲಿ ಈ ಮಾತನ್ನು ಅವಳಿಗೆ ಯಾರೂ ಹೇಳಿದ್ದಿಲ್ಲ.

“ಮಲಗ್ಲಿ ಬಿಡವ್ವಾ. ನೆಲ ಇರೋದೇ ಅದಕ್ಕೆ.”

ಸೌದೆ ಒಲೆಯನ್ನು ಟೆಗನ್ ಮುಟ್ಟಿಯೇ ಇರಲಿಲ್ಲ. ಹೊಗೆಕೊಳವೆಯ ತಗಡು ಎಷ್ಟು ತೆರೆಯಬೇಕು, ಸಣ್ಣ ಕಡ್ಡಿ ಹೇಗೆ ಅಡ್ಡಡ್ಡ ಇಡಬೇಕು, ನೋಲೀನ್ ತೋರಿಸಿಕೊಟ್ಟಳು. ಬೂಟು ಹಾಕಿಕೊಳ್ಳುವ ಮೊದಲು ಕೊಡವಿಕೊಳ್ಳಬೇಕು, ಜೇಡ ಇರುತ್ತದೆ ಎಂದಳು. ಹೊರಡುವಾಗ ಕೂಸು ಅವಳ ಕಾಲು ತಬ್ಬಿಕೊಂಡಿತು. ಬಿಡಿಸಿಕೊಳ್ಳಲು ಅವಳಿಗೆ ತಕ್ಷಣ ಆಗಲಿಲ್ಲ. ಆ ಮನೆಯವರನ್ನು ದ್ವೇಷಿಸಲು ಬೆಳಗಿನಿಂದ ಪ್ರಯತ್ನಪಟ್ಟಿದ್ದಳು. ಅದೂ ಆಗಲಿಲ್ಲ.

ಕಾರ್ಯಕ್ರಮದ ದಿನ ಹಾಲ್ ತುಂಬಿತ್ತು. ಬಣ್ಣದ ಕಾಗದ ಕಟ್ಟಿದ್ದರು. ಉದ್ದದ ಮೇಜಿನ ಮೇಲೆ ತೆಂಗಿನತುರಿಯಲ್ಲಿ ಹೊರಳಿಸಿದ ಕೇಕು, ಜಾಮು, ದೊಡ್ಡ ಟೀ ಪಾತ್ರೆ. ಮುಂದಿನ ಸಾಲಿನಲ್ಲಿ ಹೊಸ ಕುಟುಂಬಗಳು, ಹೊಸ ಮಕ್ಕಳು. ಒಂದು ಪಕ್ಕಕ್ಕೆ ಟೀವಿ ಕ್ಯಾಮೆರಾ. ನೋಲೀನ್ ತನ್ನ ಒಂದೇ ಒಳ್ಳೆಯ ನೀಲಿ ಉಡುಪು ಹಾಕಿಕೊಂಡು ಬಂದಿದ್ದಳು. ಅವಳೊಬ್ಬಳೇ ಬಂದಿದ್ದಳು. ಆಚೆಕೇರಿಯಿಂದ ಬೇರೆ ಯಾರನ್ನೂ ಕರೆದಿರಲಿಲ್ಲ. ಬಾಗಿಲಲ್ಲಿದ್ದವನು ಅವಳನ್ನು ನೋಡಿ, “ಅಡುಗೆಮನೆಗೆ ಹಿಂದಿನಿಂದ ದಾರಿ” ಎಂದ. ಯಾರೋ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಕೆಂಪಾಗಿ ಪಕ್ಕಕ್ಕೆ ಸರಿದ.

ಗ್ಲೆನಿಸ್ ಮೈಕಿನ ಮುಂದೆ ನಿಂತಳು. “ಈಗ ನಮ್ಮೆಲ್ಲರ ಪ್ರೀತಿಯ ಹಿರಿಯರಾದ ಆಂಟಿ ನೋಲೀನ್ ಅವರು ನಿಮ್ಮನ್ನ ಈ ನೆಲಕ್ಕೆ ಸ್ವಾಗತಿಸ್ತಾರೆ” ಎಂದಳು.

ಆಂಟಿ. ಅವರು. ನೋಲೀನ್ ಆ ಮರ್ಯಾದೆಯ ಮಾತು ಯಾರಿಗೋ ಎಂಬಂತೆ ಕೇಳಿಸಿಕೊಂಡಳು. ಚಪ್ಪಾಳೆ ಬಿತ್ತು. ಮೆಟ್ಟಿಲು ಹತ್ತಿದಳು. ಉಜ್ಜಿ ಉಜ್ಜಿ ಸವೆದ ಮೊಣಕಾಲು ಚುಚ್ಚಿತು. ಹೇಳಬೇಕಾದ ಮಾತನ್ನು ಬೆಳಿಗ್ಗೆ ಹೇಳಿಕೊಂಡು ನೋಡಿದ್ದಳು. ನಮ್ಮ ಹಿರಿಯರ ನೆಲಕ್ಕೆ ಬನ್ನಿ, ಸುಖವಾಗಿರಿ. ಅಷ್ಟೇ. ಬಾಯಿ ತೆರೆದಳು. ಅದು ಬರಲಿಲ್ಲ.

ಎಲ್ಲರೂ ಕಾಯುತ್ತಿದ್ದರು.

“ಸ್ವಾಗತ ಹೇಳು ಅಂತ ನನ್ನ ಕರೆದವ್ರೆ” ಎಂದಳು. ತನ್ನ ದನಿ ಅಷ್ಟು ದೊಡ್ಡದಾಗಿ ಗೋಡೆಗೆ ಬಡಿದು ಬಂದದ್ದಕ್ಕೆ ಬೆಚ್ಚಿದಳು. “ಸ್ವಾಗತ ಹೇಳೋರು ಮನೆಯೋರು. ಬಾಗ್ಲಲ್ಲಿ ನಿಂತ್ಕಂಡು ಹೇಳ್ಬೇಕು. ಈ ಊರಲ್ಲಿ ನನಗೆ ಬಾಗ್ಲೆಲ್ಲೈತೆ?”

ಯಾರೋ ಕೆಮ್ಮಿದರು. ಇದೂ ಸ್ವಾಗತದ ಒಂದು ಬಗೆಯಿರಬೇಕು ಎಂದು ಕೆಲವರು ಇನ್ನೂ ನಗುತ್ತಲೇ ಇದ್ದರು.

“ನೀವು ಇಳ್ಕಂಡಿರೋ ಮನೆಗಳನ್ನ ತೊಳೆದೋಳು ನಾನು. ಇಲಿ ಹೆಕ್ಕಿದ್ದೀನಿ. ಹೇಲು ಬಳಿದಿದ್ದೀನಿ. ನನ್ನ ಮಗಳು ಬಾಡಿಗೆಗೆ ಮನೆ ಕೇಳಿದಾಗ ಖಾಲಿ ಇಲ್ಲ ಅಂದ್ರು. ಇಲಿಗೆ ಕೊಟ್ರು. ನನ್ನ ಮೊಮ್ಮಕ್ಕಳಿಗೆ ಕೊಡಲಿಲ್ಲ.”

“ನೋಲೀನ್” ಎಂದಳು ಗ್ಲೆನಿಸ್ ಮೆಲ್ಲಗೆ, ಪಕ್ಕದಿಂದ.

“ಮಕ್ಕಳಿಲ್ಲ, ಮಕ್ಕಳಿಲ್ಲ ಅಂತ ಟೀವೀಲಿ ಅತ್ರಿ. ಸೇತುವೆ ಆಚೆ ಮಕ್ಕಳು ತುಂಬಿ ತುಳುಕ್ತಾವೆ. ಬಸ್ಸಲ್ಲಿ ದಿನಾ ನಿಮ್ಮ ಶಾಲೆ ಮುಂದೇನೇ ಹೋಗ್ತಾವೆ. ಒಬ್ಬರಾದ್ರೂ ತಲೆ ಎತ್ತಿ ನೋಡಿದ್ರಾ? ಇಲ್ಲ. ಅವು ಮಕ್ಕಳಲ್ಲ ನಿಮಗೆ.” ಮುಂದಿನ ಸಾಲಿನ ಕಡೆ ತಿರುಗಿದಳು. ಟೆಗನ್ ಮಡಿಲಲ್ಲಿ ಆ ಕೂಸಿತ್ತು. “ಬಂದಿರೋರೇ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಇರಿ. ಚೆನ್ನಾಗಿರಿ. ಸ್ವಾಗತ ಮಾತ್ರ ನಾನು ಹೇಳಲ್ಲ.”

ಕೆಳಗಿಳಿದಳು. ಹಾಲಿನ ನಡುವೆ ದಾರಿ ಉದ್ದವಾಗಿತ್ತು. ಯಾರೂ ತಡೆಯಲಿಲ್ಲ. ಯಾರೂ ನೋಡಲಿಲ್ಲ. ಎಲ್ಲರಿಗೂ ತಮ್ಮ ತಮ್ಮ ಬೂಟಿನಲ್ಲಿ ಏನೋ ಕಂಡಿತ್ತು. ಹಿಂದೆ ಮೈಕಿನಲ್ಲಿ ಗ್ಲೆನಿಸ್ ದನಿ ಕೇಳಿತು. “ಥ್ಯಾಂಕ್ ಯೂ ಆಂಟಿ ನೋಲೀನ್. ಈಗ ಎಲ್ಲರೂ ಟೀ ತಗೊಳ್ಳಿ.” ಚಪ್ಪಾಳೆಯೂ ಕೇಳಿತು.

ಸೇತುವೆಯ ಮೇಲೆ ಬಂದಳು. ಕಂಬಿ ಹಿಡಿದು ನಿಂತಳು. ಗೆದ್ದೆ ಅನ್ನಿಸಲಿಲ್ಲ. ಯಾರಾದರೂ ಬೈದಿದ್ದರೆ ವಾಸಿಯಿತ್ತು.

ಆಮೇಲೆ ಕೆಲಸಕ್ಕೆ ಯಾರೂ ಕರೆಯಲಿಲ್ಲ. ಬೇಡವೆಂದು ಯಾರೂ ಹೇಳಲೂ ಇಲ್ಲ. ಅಂಗಡಿಯಲ್ಲಿ ಅವಳು ನಿಂತ ಕಡೆಯಿಂದ ಜನ ಬೇರೆ ಸಾಲಿಗೆ ಸರಿಯುತ್ತಿದ್ದರು. ಟೀವಿಯಲ್ಲಿ ಅವಳ ಮಾತು ಬರಲಿಲ್ಲ. ಮೆಟ್ಟಿಲು ಹತ್ತಿದ್ದು, ಬಾಯಿ ತೆರೆದದ್ದು ತೋರಿಸಿದವರು, ಅಲ್ಲಿಂದ ನೇರ ಮಕ್ಕಳು ಕೇಕು ತಿನ್ನುವ ದೃಶ್ಯಕ್ಕೆ ಹಾರಿದರು. ಕೇರಿಯಲ್ಲೂ ಕೆಲವರು ಗೊಣಗಿದರು. ಇನ್ನು ನಮಗೂ ಕೆಲಸ ಕೊಡಲ್ಲ, ನಿನಗ್ಯಾಕೆ ಬೇಕಿತ್ತು ಎಂದರು. ಅವರ ಮಾತೂ ಸುಳ್ಳಲ್ಲ. ಚಳಿಗಾಲ ಬಂತು. ನೋಲೀನ್ ಬೆಳಿಗ್ಗೆ ಏಳುವಳು, ಒಲೆ ಹೊತ್ತಿಸುವಳು, ಅದರ ಮುಂದೆ ಕೂರುವಳು. ಉಜ್ಜಲು ಏನೂ ಇರಲಿಲ್ಲ. ತನ್ನ ಮನೆಯ ನೆಲವನ್ನೇ ಮತ್ತೆ ಮತ್ತೆ ಉಜ್ಜಿದಳು. ಕೊಳೆ ಮಾಡಲು ಅಲ್ಲಿ ಯಾರೂ ಇರಲಿಲ್ಲ.

ಹೊಸಬರು ನಿಲ್ಲಲಿಲ್ಲ. ಬಾಡಿಗೆ ಅಗ್ಗವಿತ್ತು, ಕೆಲಸವಿರಲಿಲ್ಲ. ಮೊದಲು ಒಂದು ಕುಟುಂಬ ಹೋಯಿತು. ಆಮೇಲೆ ಇನ್ನೊಂದು. ಗೋಧಿ ತೆನೆ ಕಟ್ಟುವ ಹೊತ್ತಿಗೆ ಟೆಗನ್ ಕೂಡ ಹೊರಟಳು. ಹೋಗುವ ಮೊದಲು ವ್ಯಾನನ್ನು ಸೇತುವೆ ದಾಟಿಸಿ, ಕೇಳಿಕೊಂಡು ಕೇಳಿಕೊಂಡು ನೋಲೀನ್‌ಳ ಮನೆಗೆ ಬಂದಳು.

“ಕೂಸಿಗೆ ಉಬ್ಬಸ. ಮಕ್ಕಳ ಡಾಕ್ಟರು ಅಂದ್ರೆ ಅರ್ಧ ದಿನದ ದಾರಿ” ಎಂದಳು. ನಿಂತೇ ಇದ್ದಳು. “ಅವತ್ತು ನೀವು ನಮಗೆ ಸ್ವಾಗತ ಹೇಳಲಿಲ್ಲ. ಮಿಕ್ಕವರೆಲ್ಲ ಹೇಳಿದ್ರು. ಹೇಳಿದವರು ಒಬ್ಬರೂ ನಮ್ಮನೆ ಬಾಗಿಲಿಗೆ ಬರಲಿಲ್ಲ. ಒಲೆ ಹಚ್ಚೋದು ಹೇಳಿಕೊಟ್ಟವರು ನೀವೊಬ್ಬರೇ.”

“ಕೂತ್ಕೋ. ಟೀ ಕುಡಿದು ಹೋಗು” ಎಂದಳು ನೋಲೀನ್.

ಕೂಸು ಅವಳ ನೆಲದ ಮೇಲೂ ಅಂಗಾತ ಮಲಗಿತು.

ಅವರು ಹೋದ ಮೇಲೆ ಸ್ವಲ್ಪ ದಿನಕ್ಕೆ ಗ್ಲೆನಿಸ್ ಬಂದಳು. ಅವಳ ಬಿಳಿ ಕಾರು ಕೇರಿಯೊಳಗೆ ಬಂದಾಗ ನಾಯಿಗಳೆಲ್ಲ ಸುತ್ತುಗಟ್ಟಿದವು. ಅವಳು ಕೇರಿಗೆ ಕಾಲಿಟ್ಟದ್ದು ಅದೇ ಮೊದಲು. ಕ್ಲೆಮ್ ತನ್ನ ಬೆಂಕಿಯ ಬಳಿಯಿಂದಲೇ, “ಹೆದರ್ಬ್ಯಾಡಿ, ಕಚ್ಚಲ್ಲ. ನಾಯಿ ಮಾತ್ರ ಕಚ್ಚಬಹುದು” ಎಂದು ಕೂಗಿದ.

ನೋಲೀನ್ ಒಳಗೆ ಕರೆದು ಕುರ್ಚಿ ಕೊಟ್ಟಳು. ಟೀ ಮಾಡಿದಳು. ಗ್ಲೆನಿಸ್ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಕುಡಿಯಲಿಲ್ಲ. ಒಂದು ವರ್ಷದಲ್ಲಿ ಅವಳೂ ಮುದುಕಿಯಾಗಿದ್ದಳು. ಅವಳ ಮಕ್ಕಳೂ ಊರು ಬಿಟ್ಟವರೇ.

“ಮಕ್ಕಳನ್ನ ಎಣಿಸೋಕೆ ಸರ್ಕಾರದವರು ಬರ್ತಿದ್ದಾರೆ” ಎಂದಳು. “ನಾಲ್ಕು ಮಕ್ಕಳು ಕಮ್ಮಿ ಬೀಳ್ತಿದ್ದಾರೆ.”

ನೋಲೀನ್ ಒಲೆಗೆ ಒಂದು ಸೌದೆ ತಳ್ಳಿದಳು.

“ವ್ಯಾಟಲ್ ಬೀದಿ ಮನೆ ಈಗ ಖಾಲಿ ಇದೆ. ತಮೀಕಾ ಬರೋದಾದ್ರೆ ಕೊಡೋಣ ಅಂತ ಸಮಿತೀಲಿ ಮಾತಾಯ್ತು. ಸುಲಭಕ್ಕೆ ಒಪ್ಪಲಿಲ್ಲ ಕಣೆ, ನಾನೇ ಜಗಳ ಮಾಡಿ ಒಪ್ಪಿಸಿದ್ದೀನಿ. ತಮೀಕಾ ಒಳ್ಳೆ ಹುಡುಗಿ, ಬೇರೆಯವರ ಥರ ಅಲ್ಲ ಅಂತ ಹೇಳಿದ್ದೀನಿ.”

ಪೂರ್ವದ ಕಿಟಕಿ ನೋಲೀನ್ ಕಣ್ಣಿಗೆ ಬಂತು. ಆ ಬಿಸಿಲಿನಲ್ಲಿ ಕೂತು ಜೈಲಾ ತಲೆ ಬಾಚಿಕೊಳ್ಳುವುದು ಕಂಡಿತು. ಹೂಂ ಎನ್ನಲು ಬಾಯಿ ತೆರೆದಿದ್ದಳು.

“ಒಂದು ವರ್ಷ ಅಂತ ಕೊಡೋದು” ಎಂದಳು ಗ್ಲೆನಿಸ್. “ಹೇಗಿರ್ತಾರೆ ಅಂತ ನೋಡೋಣ. ಸರಿಹೋದ್ರೆ ಮುಂದುವರಿಸೋಣ.”

“ಟೆಗನ್‌ಗೂ ಒಂದೇ ವರ್ಷ ಕೊಟ್ಟಿದ್ರಾ?”

“ಅದು ಬೇರೆ.” ಗ್ಲೆನಿಸ್ ಬಟ್ಟಲನ್ನು ನೋಡುತ್ತಾ ಹೇಳಿದಳು. “ಇನ್ನೊಂದು. ನೆರೆಹೊರೆಯವರು ಕೇಳಿಕೊಂಡಿದ್ದಾರೆ. ತಮೀಕಾ ಮತ್ತೆ ಮಕ್ಕಳು, ಅಷ್ಟೇ ಇರಬೇಕು. ಇಲ್ಲಿಂದ ಯಾರೂ ಹೋಗಿ ಸೇರ್ಕೋಬಾರದು.”

“ನಾನು?”

ಗ್ಲೆನಿಸ್ ತಡವರಿಸಿದಳು. “ನೀನು ನೋಡೋಕೆ ಹೋಗಬಹುದು. ಹಗಲು ಹೊತ್ತು. ಅದಕ್ಕೆ ಯಾರೂ ಏನೂ ಅನ್ನಲ್ಲ.”

ಒಲೆಯಲ್ಲಿ ಸೌದೆ ಚಟಪಟ ಅಂದಿತು. ನೋಲೀನ್ ತನ್ನ ಕೈಗಳನ್ನು ನೋಡಿಕೊಂಡಳು. ಕೆಲಸವಿಲ್ಲದೆ ಬಿರುಕುಗಳು ಕೂಡಿಕೊಂಡಿದ್ದವು.

“ಗ್ಲೆನಿಸ್” ಎಂದಳು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಆ ಮನೆ ಪೂರ್ತಿ ನಾನು ಉಜ್ಜಿದ್ದೀನಿ. ನೀನು ನನಗೆ ಅದನ್ನ ನೋಡೋಕೆ ಬಾ ಅಂತೀಯ.”

“ನಾನೇನು ಮಾಡಲಿ ನೋಲೀನ್? ಜನ ಒಪ್ಪಬೇಕಲ್ಲ.”

“ಶಾಲೆ ಉಳೀಬೇಕಾ ನಿನಗೆ? ಇಲ್ಲಿರೋ ಎಲ್ಲಾ ಮಕ್ಕಳನ್ನ ಕರಿ. ಖಾಲಿ ಇರೋ ಎಲ್ಲಾ ಮನೆ ಬಾಗ್ಲು ತೆಗಿ. ಆ ಹೊಸಬರಿಗೆ ಹೆಂಗೆ ಕೊಟ್ಯೋ ಹಂಗೇ ಕೊಡು. ಒಂದು ವರ್ಷ ನೋಡ್ತೀವಿ ಅನ್ನಬ್ಯಾಡ. ನಾಳೆ ಶಾಲೆ ತುಂಬ್ತದೆ. ಊರೂ ತುಂಬ್ತದೆ.”

“ಅದನ್ನ ಸಮಿತಿ ಮುಂದೆ ಹೇಳೋಕಾಗುತ್ತಾ? ನೀನೇ ಯೋಚನೆ ಮಾಡು.”

“ಹಂಗಾದ್ರೆ ನನ್ನ ಮಕ್ಕಳೂ ಬ್ಯಾಡ. ಅವನ್ನ ಪರೀಕ್ಷೆಗೆ ಕೂರ್ಸಕ್ಕೆ ನಾನು ಕಳಿಸಲ್ಲ.”

“ಶಾಲೆ ಮುಚ್ಚಿಹೋಗುತ್ತೆ ನೋಲೀನ್. ಊರು ಸಾಯುತ್ತೆ.”

“ನಮ್ಮನ್ನ ಸೇರಿಸ್ಕಳದಕ್ಕಿಂತ ಸಾಯೋದೇ ವಾಸಿ ಅಂತ ನೀವೇ ತೀರ್ಮಾನ ಮಾಡಿದ್ದೀರಲ್ಲ. ನನ್ನೇನು ಕೇಳ್ತೀಯ? ಟೀ ಆರೋಯ್ತು. ಬಿಸಿ ಮಾಡ್ಕೊಡಲಾ?”

ಗ್ಲೆನಿಸ್ ಎದ್ದಳು. ಕುಡಿಯದ ಬಟ್ಟಲನ್ನು ಕುರ್ಚಿಯ ಮೇಲಿಟ್ಟು ಹೋದಳು. ಕಾರಿನ ಹಿಂದೆ ನಾಯಿಗಳು ಸೇತುವೆಯವರೆಗೆ ಓಡಿದವು.

ಶಾಲೆ ಆ ವರ್ಷದ ಕೊನೆಗೆ ಮುಚ್ಚಿತು. ಅದು ಆಮೇಲಿನ ಮಾತು. ಆ ಸಂಜೆ ನೋಲೀನ್ ಬಹಳ ಹೊತ್ತು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕೊನೆಗೆ ಮಗಳಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ಏನನ್ನೂ ಬಚ್ಚಿಡಲಿಲ್ಲ.

ತಮೀಕಾ ಕೇಳಿಸಿಕೊಂಡಳು. “ನನ್ನ ಒಂದು ಮಾತು ಕೇಳಿದ್ರೆ ನಾನು ಬತ್ತಿದ್ದೆ ಅಮ್ಮಾ” ಎಂದಳು.

“ಗೊತ್ತು.”

“ಒಂದು ವರ್ಷ ಆದ್ರೆ ಒಂದೇ ವರ್ಷ. ಇಲ್ಲಿ ನನಗೆ ಯಾರವ್ರೆ? ಎದುರಿಗೆ ಗೋಡೆ. ಮಕ್ಕಳು ಬಾಯ್ಬಿಟ್ಟು ನಗಂಗಿಲ್ಲ, ಕೆಳಗಿನ ಮನೆಯೋರು ಕಂಬೀಲಿ ಸೂರಿಗೆ ಬಡೀತಾರೆ. ಓಡಿ ಬತ್ತಿದ್ದೆ ನಾನು.”

“ಗೊತ್ತು ಕಣವ್ವಾ. ಅದಕ್ಕೇ ನಿನ್ನ ಕೇಳ್ದೆ ಬ್ಯಾಡ ಅಂದೆ.”

ಆಚೆ ಕಡೆ ತಮೀಕಾ ಅತ್ತಳು. “ನಿನಗ್ಯಾರು ಹೇಳಿದ್ರು ಬ್ಯಾಡ ಅನ್ನು ಅಂತ? ನನ್ನ ಮಕ್ಕಳಲ್ವಾ ಅವು?”

“ನನ್ನ ಬೈಯಿ” ಎಂದಳು ನೋಲೀನ್. “ಬೈಯವ್ವಾ. ಬೈಯಿ.”

ತಮೀಕಾ ಬೈಯಲಿಲ್ಲ. ಮೂಗೊರೆಸಿಕೊಂಡಳು. ಆಮೇಲೆ ಕೇಳಿದಳು. “ಹಗಲು ಹೊತ್ತು ನೋಡೋಕೆ ಬರಬಹುದು ಅಂದ್ಲಾ? ನಿನಗಾ?”

“ಹೂಂ.”

“ಎದ್ದು ಹೋಗು ಅಂದ್ಯಾ?”

“ಇಲ್ಲ. ಟೀ ಕೊಟ್ಟೆ.”

ಅಳುತ್ತಲೇ ತಮೀಕಾಗೆ ನಗು ಬಂದುಬಿಟ್ಟಿತು. ನೋಲೀನ್‌ಗೂ ಬಂತು. ಇಬ್ಬರೂ ಅಷ್ಟು ದೂರದಲ್ಲಿ ಕೂತು ನಕ್ಕರು. ಆಮೇಲೆ ನಗು ನಿಂತಿತು. ಮಕ್ಕಳಿಗೆ ಹಸಿವು, ಅಡುಗೆ ಆಗಬೇಕು ಎಂದಳು ತಮೀಕಾ.

“ಹೋಗು, ಮಾಡು” ಎಂದಳು ನೋಲೀನ್.

ತಮೀಕಾ ಫೋನು ಕಟ್ ಮಾಡಲಿಲ್ಲ. ಅದನ್ನು ಎಲ್ಲೋ ಮೇಜಿನ ಮೇಲಿಟ್ಟ ಸದ್ದಾಯಿತು. ನಲ್ಲಿ ಬಿಟ್ಟ ಸದ್ದಾಯಿತು. ಚಮಚಕ್ಕಾಗಿ ಇಬ್ಬರು ಕಿತ್ತಾಡಿದರು. ಜೈಲಾ ಯಾರನ್ನೋ ಗದರಿದಳು. ಕೊನೆಯ ಮಗು ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಾ ಫೋನಿನ ಹತ್ತಿರ ಬಂದು, ದೂರ ಹೋಯಿತು. ನೋಲೀನ್ ಫೋನನ್ನು ಕಿವಿಗೆ ಒತ್ತಿಕೊಂಡು, ತನ್ನ ಉಸಿರೂ ಕೇಳದ ಹಾಗೆ ಕೂತಿದ್ದಳು.